ಊರು-ಕೇರಿಗಳ ಏಕೀಕರಣ
(ಸಾಮಾಜಿಕ ನ್ಯಾಯಕ್ಕೆ ಮೀಸಲಾದ ಮಾಸಪತ್ರಿಕೆಯೊಂದರ ಪ್ರಾರಂಭದ ಸಭೆಯಲ್ಲಿ ಮಾಡಿದ ಭಾಷಣ)



ಈ ಮಾಸಪತ್ರಿಕೆಯ ಮೊದಲನೆಯ ಸಂಚಿಕೆಯನ್ನು ನಮ್ಮ ಕೈಯಲ್ಲಿಟ್ಟು, ನಾಲ್ಕು ಮಾತುಗಳನ್ನಾಡಬೇಕೆಂದು ಇದರ ಸಂಚಾಲಕರು ಅಪ್ಪಣೆ ಮಾಡಿದ್ದಾರೆ. ಕೂಸು ಹುಟ್ಟಿದ ಮನೆಯಲ್ಲಿ ಹರಕೆಯ ನುಡಿಗಳನ್ನಾಡುವುದು ನಮ್ಮ ಜನರ ವಾಡಿಕೆ. ನಾವು ಹರಕೆಯನ್ನು ಕಡೆಗಿಟ್ಟುಕೊಳ್ಳುವೆವು. ಈ ಕೂಸಿಗೆ ಹಿರಿಯರು ಯಾರು, ಅವರು ಹೇಗೆ ಬದುಕಿದರು, ಇದು ಬದುಕಿ ಬಾಳಬೇಕಾದರೆ ಏನೇನು ಬೇಕು ಎಂಬುದನ್ನು ಮೊದಲು ವಿಚಾರ ಮಾಡೋಣ.

ಕನ್ನಡ ನಾಡು ಒಂದಾಗಬೇಕೆಂಬ ಪಂಥಕ್ಕೆ ಸೇರಿದವರು ನಾವು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರು 1956ನೆಯ ನವೆಂಬರ 1ರಂದು ಒಂದು ರಾಜ್ಯದವರಾದರು. ಅಂದು ಗಡಿಕಲ್ಲುಗಳು ಕಿತ್ತುಹೋದವು. ಆದರೆ ನಮ್ಮ ಪ್ರತಿಯೊಂದು ಹಳ್ಳಿಯ ನಡುವೆ ಇನ್ನೊಂದು ಗಡಿಯಿತ್ತು. ಇತ್ತ ಊರು, ಅತ್ತ ಕೇರಿ. ಆ ಗಡಿಗೆ ಕಲ್ಲು ನೆಟ್ಟಿರಲಿಲ್ಲ. ಆದುದರಿಂದ ಕೀಳುವುದಕ್ಕೆ ಯಾರ ಕೈಗೂ ಅದು ಸಿಕ್ಕಲಿಲ್ಲ. ನಾಡಿನ ಏಕೀಕರಣವನ್ನು ಬಯಸಿದವರಿಗೆ ಊರು-ಕೇರಿಗಳ ಏಕೀಕರಣವೇ ಉಳಿದುಹೋದ ಕೆಲಸ. ಆ ಕೆಲಸಕ್ಕೆಂದು ಈ ಪತ್ರಿಕೆ ಹೊರಟಿದೆಯೆಂದು ತಿಳಿದೇ ನಾವು ಇಲ್ಲಿಗೆ ಬಂದೆವು.

"ಅಸ್ಪೃಶ್ಯತೆ ಕಾಯಿದೆಯಿಂದಲೇ ರದ್ದಾಗಿದೆಯಲ್ಲ! ಇನ್ನು ಪತ್ರಿಕೆಯೇಕೆ?" ಎಂದು ಕೇಳುವವರುಂಟು. ವಕೀಲಿಯ ವೃತ್ತಿಯಲ್ಲಿರುವ ನಾವು ಕಾಯಿದೆಯನ್ನು ಹಗುರಾಗಿ ಕಾಣುವವರಲ್ಲ. ಸಂವಿಧಾನದ 17ನೆಯ ಅನುಚ್ಛೇದವು 1950ರಿಂದ ಜಾರಿಯಲ್ಲಿದೆ. 1955ರಲ್ಲಿ ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿದ ಕಾಯಿದೆಯಾಯಿತು. 1989ರಲ್ಲಿ ದೌರ್ಜನ್ಯ ತಡೆಯ ಕಾಯಿದೆಯಾಯಿತು. 2013ರಲ್ಲಿ ಮಲ ಹೊರುವ ಪದ್ಧತಿಯ ನಿಷೇಧಕ್ಕೆ ಕಾಯಿದೆಯಾಯಿತು. ಇವೆಲ್ಲ ದೊಡ್ಡ ಗೆಲುವುಗಳೇ ಸರಿ. ಆದರೆ ಕಾಯಿದೆಯು ತಾನಾಗಿಯೇ ಎದ್ದು ಬಾವಿಕಟ್ಟೆಗೆ ನಡೆದುಬರಲಾರದು. ಅದಕ್ಕೆ ಫಿರ್ಯಾದಿ ಬೇಕು, ಫಿರ್ಯಾದಿಗೆ ಸಾಕ್ಷಿ ಬೇಕು, ಸಾಕ್ಷಿಗೆ ಧೈರ್ಯ ಬೇಕು. ತಾನು ಒಬ್ಬಂಟಿಗನಲ್ಲವೆಂದು ತಿಳಿಯದ ಹೊರತು ಬಡವನಿಗೆ ಆ ಧೈರ್ಯ ಬಾರದು. ಇದಕ್ಕೆ ಚರಿತ್ರೆಯಿಂದಲೇ ಒಂದು ಉದಾಹರಣೆ ಕೊಡುವೆವು.

1923ನೆಯ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆಯು ರಾವಬಹಾದ್ದೂರ ಬೋಳೆಯವರು ತಂದ ಒಂದು ಠರಾವನ್ನು ಅಂಗೀಕರಿಸಿತು. ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕೆಂಬುದು ಅದರ ತಾತ್ಪರ್ಯ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಅಂದು ಆ ಪ್ರಾಂತದವೇ ಆಗಿದ್ದುದರಿಂದ ಅದು ನಮ್ಮ ಬಾವಿಗಳ ಠರಾವೂ ಹೌದು. ಕೊಂಕಣದ ಮಹಾಡದ ನಗರಸಭೆಯು 1924ರಲ್ಲಿ ತನ್ನ ಚವದಾರ ಕೆರೆ ಎಲ್ಲರಿಗೂ ತೆರೆದಿದೆಯೆಂದು ತಾನೂ ಠರಾವು ಮಾಡಿತು. ಮೂರು ವರ್ಷ ಕಳೆದರೂ ಆ ಕೆರೆಯ ನೀರನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. 1927ನೆಯ ಮಾರ್ಚ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಕುಡಿದರು. ಅದೇ ದಿನ ಆ ಜನರ ಮೇಲೆ ಹಲ್ಲೆಯಾಯಿತು. ಆಮೇಲೆ ಕೆರೆಗೆ ಶುದ್ಧಿಯಾಯಿತು. ಡಿಸೆಂಬರದಲ್ಲಿ ದಾವೆಯಾಯಿತು, ತಡೆಯಾಜ್ಞೆಯೂ ಬಂದಿತು. ಅಸ್ಪೃಶ್ಯರನ್ನು ದೂರವಿಡುವುದು ಅನಾದಿಯಿಂದ ಬಂದ ವಾಡಿಕೆಯೆಂಬುದು ವಾದಿಗಳ ಕಥನ. ಆ ವಾಡಿಕೆಯು ಸಿದ್ಧವಾಗಲಿಲ್ಲವೆಂದು ಮುಂಬಯಿಯ ಉಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿದ್ದು 1937ನೆಯ ಮಾರ್ಚ 17ರಂದು. ಒಂದು ಬೊಗಸೆ ನೀರಿಗೆ ಹತ್ತು ವರ್ಷ!

ಈ ಹತ್ತು ವರ್ಷ ಜನರು ಎದೆಗುಂದದೆ ನಿಂತುದು ಹೇಗೆ? ನೀರು ಮುಟ್ಟಿದ ಎರಡು ವಾರಗಳಲ್ಲಿ, ಅಂದರೆ ಏಪ್ರಿಲ 3ರಂದು, ಅಂಬೇಡ್ಕರರು ‘ಬಹಿಷ್ಕೃತ ಭಾರತ’ವೆಂಬ ಪಾಕ್ಷಿಕವನ್ನು ಹೊರಡಿಸಿದರು. ಅದು ನಿಂತ ಮೇಲೆ 1930ರಲ್ಲಿ ‘ಜನತಾ’ ಬಂದಿತು. ಮಹಾಡದಲ್ಲಿ ನಡೆದುದೇನು, ಹೊಡೆದವರಾರು, ನ್ಯಾಯಾಲಯದಲ್ಲಿ ಆದುದೇನು ಎಂಬುದನ್ನು ಪರರ ಬಾಯಿಂದ ಕೇಳದೆ ತಮ್ಮದೇ ಪತ್ರಿಕೆಯಲ್ಲಿ ಓದುವ, ಓದು ಬಾರದವರು ಓದಿಸಿ ಕೇಳುವ ಅನುಕೂಲವು ಅವರಿಗಿತ್ತು. ಚಳವಳಿಯ ಹಿಂದೆ ಪತ್ರಿಕೆಯಿತ್ತು. ಪತ್ರಿಕೆಯ ಹಿಂದೆ ಚಳವಳಿಯಿತ್ತು.

ಇವೆರಡಕ್ಕೂ ಹಿರಿಯದು ‘ಮೂಕನಾಯಕ’. 1920ನೆಯ ಜನೇವರಿ 31ರಂದು ಮುಂಬಯಿಯಲ್ಲಿ ಹುಟ್ಟಿದ ಈ ಮರಾಠಿ ಪಾಕ್ಷಿಕಕ್ಕೆ ಕೊಲ್ಲಾಪುರದ ಶಾಹೂ ಮಹಾರಾಜರು 2,500 ರೂಪಾಯಿಗಳ ನೆರವು ಕೊಟ್ಟರು. ಅಂಬೇಡ್ಕರರು ಆಗ ಸರಕಾರೀ ಕಾಲೇಜಿನಲ್ಲಿ ಪ್ರಾಧ್ಯಾಪಕರು; ಆದುದರಿಂದ ಸಂಪಾದಕರೆಂದು ಪಾಂಡುರಂಗ ನಂದರಾಮ ಭಟಕರರ ಹೆಸರು ಅಚ್ಚಾಗುತ್ತಿತ್ತು. ಮೊದಲ ಸಂಚಿಕೆಯ ಲೇಖದಲ್ಲಿ ಅಂಬೇಡ್ಕರರು ಹಿಂದೂ ಸಮಾಜವನ್ನು ಮೆಟ್ಟಿಲುಗಳಿಲ್ಲದ ಅಂತಸ್ತುಗಳ ಗೋಪುರಕ್ಕೆ ಹೋಲಿಸಿದರು. ಯಾವ ಅಂತಸ್ತಿನಲ್ಲಿ ಹುಟ್ಟಿದನೋ ಅದರಲ್ಲಿಯೇ ಸಾಯತಕ್ಕದ್ದು ಎಂಬುದು ಅದರ ಭಾವ. ಅದೇ ವರ್ಷದ ಜುಲೈಯಲ್ಲಿ ಅವರು ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿದರು. ಪತ್ರಿಕೆಯು ಹೇಗೋ ಉಸಿರು ಹಿಡಿದುಕೊಂಡಿದ್ದು 1923ರಲ್ಲಿ ನಿಂತುಹೋಯಿತು.

ಇಲ್ಲಿ ನಾವು ಒಂದು ಕಹಿಯಾದ ಮಾತನ್ನು ಹೇಳಲೇಬೇಕು. ‘ಮೂಕನಾಯಕ’ವು ಹೊರಡುವುದೆಂಬ ಜಾಹೀರಾತನ್ನು ಹಣ ಕೊಟ್ಟು ಹಾಕಿಸುವೆವೆಂದರೂ ಪುಣೆಯ ‘ಕೇಸರಿ’ಯು ಒಪ್ಪಲಿಲ್ಲವೆಂದು ಅಂಬೇಡ್ಕರರೇ ಮುಂದೆ ಬರೆದಿದ್ದಾರೆ. ‘ಕೇಸರಿ’ಯೆಂದರೆ ಸ್ವರಾಜ್ಯದ ಸಿಂಹಗರ್ಜನೆ, ಉತ್ತರ ಕರ್ನಾಟಕದ ವಿದ್ಯಾವಂತರ ಒಂದು ತಲೆಮಾರು ಅದನ್ನೋದಿಯೇ ದೇಶಭಕ್ತಿಯನ್ನು ಕಲಿಯಿತು. ಆ ಪರಂಪರೆಗೆ ಸೇರಿದವರೆಂದು ಹೆಮ್ಮೆ ಪಡುವ ನಾವು ಅದರ ಋಣವನ್ನು ಹೇಗೋ ಹಾಗೆಯೇ ಅದರ ದೋಷವನ್ನೂ ಹೊರಬೇಕು. ಪರರ ದಾಸ್ಯವನ್ನು ನಾವು ಬಲ್ಲವರಾಗಿದ್ದೆವು. ನಮ್ಮ ಮನೆಯ ಹಿತ್ತಲಿನ ದಾಸ್ಯವು ನಮ್ಮ ಕಣ್ಣಿಗೆ ಬೀಳಲಿಲ್ಲ.

ಈ ದೋಷವು ಪುಣೆಯದು ಮಾತ್ರವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 1924ನೆಯ ಡಿಸೆಂಬರದ ಬೆಳಗಾವಿ ಕಾಂಗ್ರೆಸ್ಸನ್ನು ಅರಿಯದ ಕನ್ನಡಿಗನಾರು? ಮಹಾತ್ಮರು ಅಧ್ಯಕ್ಷರಾದ ಒಂದೇ ಒಂದು ಅಧಿವೇಶನವದು. ಗದುಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಕೇಳಿಬಂದುದು ಅಲ್ಲಿ. ಏಕೀಕರಣ ಪರಿಷತ್ತು ಕೂಡಿದುದು ಅಲ್ಲಿ. ಇದಾದ ನಾಲ್ಕೇ ತಿಂಗಳಿಗೆ, 1925ನೆಯ ಏಪ್ರಿಲದಲ್ಲಿ, ಅದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ನಡೆಯಿತು. ಮೊದಲನೆಯದನ್ನು ನಾವು ಪ್ರತಿವರ್ಷ ಕೊಂಡಾಡುವೆವು. ಎರಡನೆಯದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ಒಂದೇ ಜಿಲ್ಲೆ, ಒಂದೇ ಕಾಲ; ಆದರೆ ನೆನಪು ಮಾತ್ರ ಊರಿಗೊಂದು, ಕೇರಿಗೊಂದು. ನೆನಪುಗಳೇ ಎರಡಾದ ನಾಡು ಒಂದು ನಾಡು ಹೇಗಾದೀತು?

1973ನೆಯ ನವೆಂಬರವನ್ನೂ ನೆನೆಯಬೇಕು. ಆ ತಿಂಗಳ ಮೊದಲ ದಿನ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಅದೇ ತಿಂಗಳಲ್ಲಿ ಮಂತ್ರಿಗಳಾಗಿದ್ದ ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತನಾಡುತ್ತ ಕನ್ನಡ ಸಾಹಿತ್ಯದಲ್ಲಿ ಬೂಸವೇ ಹೆಚ್ಚೆಂದರು. ಕೂಡಲೇ ಕೋಲಾಹಲವೆದ್ದಿತು, ಅವರು ಪದವಿಯನ್ನು ಬಿಡಬೇಕಾಯಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಆ ಮಾತು ಭಾಷಾಭಿಮಾನಿಗಳಿಗೆ ನೋವು ತಂದುದು ಸುಳ್ಳಲ್ಲ. ಆದರೆ "ನಮ್ಮ ಸಾಹಿತ್ಯದಲ್ಲಿ ಈತನ ಜನರ ಬದುಕು ಎಷ್ಟಿದೆ?" ಎಂಬ ಪ್ರಶ್ನೆಯನ್ನು ಅಂದೇ ಕೇಳಿಕೊಂಡಿದ್ದರೆ ಕನ್ನಡಕ್ಕೆ ಹಾನಿಯೇನೂ ಆಗುತ್ತಿರಲಿಲ್ಲ. ಆ ಪೆಟ್ಟಿನಿಂದಲೇ ದಲಿತ ಸಂಘಟನೆ ಬಲಗೊಂಡಿತು, ಆ ದಶಕದಲ್ಲಿಯೇ ‘ಪಂಚಮ’ದಂಥ ಪತ್ರಿಕೆ ಹುಟ್ಟಿತು, ಹೊಸ ಬರಹಗಾರರು ಎದ್ದುಬಂದರು. ಇಂದು ಕನ್ನಡದ ಹಿರಿಮೆಯನ್ನು ಹೊರಗಿನವರಿಗೆ ಹೇಳುವಾಗ ನಾವು ಆ ಬರಹಗಾರರ ಹೆಸರುಗಳನ್ನೇ ಹೇಳುತ್ತೇವೆ!

ಸಂಚಾಲಕರೇ, ಈ ಪೂರ್ವಚರಿತ್ರೆಯಿಂದ ನಿಮ್ಮ ಪತ್ರಿಕೆಗೆ ನಾಲ್ಕು ಬುದ್ಧಿಮಾತುಗಳು ದೊರೆಯುತ್ತವೆ. ಹಿರಿತನದಿಂದಲ್ಲ, ಸಲಿಗೆಯಿಂದ ಅವನ್ನು ಮುಂದಿಡುವೆವು.

ಮೊದಲನೆಯದು, ಲೇಖನಿಯು ಯಾರ ಕೈಯಲ್ಲಿರಬೇಕೆಂಬುದು. ನಮ್ಮಂಥವರು ನೊಂದವರ ಪರವಾಗಿ ಚೆನ್ನಾಗಿ ಮಾತನಾಡುವೆವು. ಮಾತನಾಡುತ್ತ ಮಾತನಾಡುತ್ತ ಅವರ ಸರದಿಯನ್ನೇ ಮರೆಯುವೆವು. ವಕೀಲನು ಕಕ್ಷಿಗಾರನ ಪರವಾಗಿ ವಾದಿಸಬಹುದು. ಸಾಕ್ಷಿಯ ಕಟ್ಟೆಯಲ್ಲಿ ನಿಲ್ಲಬೇಕಾದವನು ಕಕ್ಷಿಗಾರನೇ. ಕನ್ನಡಕ್ಕೆ ಇದು ಹೊಸ ಪಾಠವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸೂಳೆ ಸಂಕವ್ವೆ ಮೊದಲಾದವರು ತಮ್ಮ ಕಾಯಕದ ಹೆಸರನ್ನು ಮುಚ್ಚಿಡದೆ ತಮ್ಮ ಮಾತನ್ನು ತಾವೇ ಆಡಿದರು. ಓಲೆಗರಿಗಳಲ್ಲಿ ಚದುರಿ ಬಿದ್ದಿದ್ದ ಆ ಮಾತುಗಳನ್ನು ಹುಡುಕಿ ಅಚ್ಚು ಮಾಡಿದವರು ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು. ಅದಕ್ಕಾಗಿ ಅವರು ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಹಳಕಟ್ಟಿಯವರು ಆ ಜನರ ಬಗ್ಗೆ ಬರೆದುದಕ್ಕಿಂತ, ಆ ಜನರನ್ನೇ ಮಾತನಾಡಗೊಟ್ಟುದು ದೊಡ್ಡದು. ಪೌರಕಾರ್ಮಿಕಳು ಹೇಳಿದುದನ್ನು ಅವಳ ನುಡಿಯಲ್ಲಿಯೇ ಅಚ್ಚಿಸಿರಿ. ಗ್ರಾಂಥಿಕಕ್ಕೆ ತಿದ್ದುವ ಚಪಲವನ್ನು ಬಿಡಿರಿ. ಬರೆಯಬಲ್ಲವರನ್ನು ಸಂಪಾದಕ ಮಂಡಳಿಯಲ್ಲಿ ಕುಳ್ಳಿರಿಸಿರಿ.

ಎರಡನೆಯದು ಪುರಾವೆ. "ಘೋರ ಅನ್ಯಾಯವಾಯಿತು" ಎಂಬ ವಾಕ್ಯದಿಂದ ಯಾರಿಗೂ ನ್ಯಾಯ ದೊರೆತುದಿಲ್ಲ. ಯಾವ ಊರು, ಯಾವ ನಲ್ಲಿ, ಯಾವ ದಿನ, ಎಷ್ಟು ಕೂಲಿ, ಯಾರು ಕೇಳಿದರು, ಏನು ಉತ್ತರ ಬಂದಿತು ಎಂಬುದನ್ನು ಬರೆಯಿರಿ. ಬರೆದರೆ ಯಾರ ಪ್ರಾಣಕ್ಕೆ ಕುತ್ತು ಬಂದೀತೋ ಅವರ ಹೆಸರನ್ನು ಮಾತ್ರ ಮರೆಮಾಡಿರಿ. ಬರೆದು ಸುಮ್ಮನಾಗದೆ ಬೆನ್ನು ಹತ್ತಿರಿ. 1989ರ ಕಾಯಿದೆಯ ನಿಯಮಗಳ ಪ್ರಕಾರ ತನಿಖೆಯು ಉಪ ಅಧೀಕ್ಷಕರಿಗಿಂತ ಕೆಳಗಿನ ಪೋಲೀಸ ಅಧಿಕಾರಿಯಿಂದ ನಡೆಯತಕ್ಕದ್ದಲ್ಲ. ಅದು 60 ದಿನಗಳಲ್ಲಿ ಮುಗಿಯಬೇಕು. ದೋಷಾರೋಪಣೆಯಾದ ಮೇಲೆ ಸಾಧ್ಯವಾದ ಮಟ್ಟಿಗೆ ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು. ಜಿಲ್ಲಾ ಜಾಗೃತಿ ಸಮಿತಿಯು ಮೂರು ತಿಂಗಳಿಗೊಮ್ಮೆಯಾದರೂ ಕೂಡಬೇಕು. ತಮ್ಮ ಕರ್ತವ್ಯವನ್ನು ಬೇಕೆಂದೇ ಬಿಟ್ಟ ಅಧಿಕಾರಿಗಳಿಗೂ ಅದರಲ್ಲಿ ಶಿಕ್ಷೆಯುಂಟು. ಜಾಮೀನಿನ ಅರ್ಜಿ ಬಂದಾಗ ತನ್ನ ಮಾತನ್ನು ಕೇಳಿರೆಂದು ಹೇಳುವ ಹಕ್ಕು 2016ರಿಂದ ನೊಂದವನಿಗೂ ಉಂಟು. ಇವನ್ನು ಪ್ರತಿ ಸಂಚಿಕೆಯಲ್ಲಿ ಸುಲಭವಾದ ಕನ್ನಡದಲ್ಲಿ ಅಚ್ಚು ಮಾಡಿರಿ. "ನಮ್ಮ ಜಿಲ್ಲೆಯ ಸಮಿತಿಯು ಈ ಮೂರು ತಿಂಗಳಲ್ಲಿ ಕೂಡಿತೇ?" ಎಂದು ಸಂಚಿಕೆ ಸಂಚಿಕೆಗೂ ಕೇಳಿರಿ. ನೂರು ಅಗ್ರಲೇಖಗಳಿಗಿಂತ ಈ ಒಂದು ಪ್ರಶ್ನೆಗೆ ಹೆಚ್ಚು ಬಲವಿದೆ.

ಮೂರನೆಯದು, ಭಿನ್ನಮತಕ್ಕೆ ಸ್ಥಳ. 1933ನೆಯ ಫೆಬ್ರುವರಿ 11ರಂದು ಗಾಂಧೀಜಿಯವರು ಯರವಡೆಯ ಸೆರೆಮನೆಯಲ್ಲಿದ್ದುಕೊಂಡೇ ‘ಹರಿಜನ’ ವಾರಪತ್ರಿಕೆಯನ್ನು ಆರಂಭಿಸಿದರು. ಅದಕ್ಕೆ ಅಂಬೇಡ್ಕರರಿಂದ ಸಂದೇಶವನ್ನು ಬೇಡಿದರು. ಅಂಬೇಡ್ಕರರು ಸಂದೇಶವನ್ನು ಕೊಡಲೊಲ್ಲದೆ, ಜಾತಿಗಳಿರುವ ವರೆಗೆ ಜಾತಿಬಾಹಿರರೂ ಇರುವರು, ಜಾತಿಪದ್ಧತಿಯು ಅಳಿದ ಹೊರತು ಬಿಡುಗಡೆಯಿಲ್ಲ ಎಂಬ ತಮ್ಮ ಖಚಿತವಾದ ಅಭಿಪ್ರಾಯವನ್ನು ಬರೆದು ಕಳಿಸಿದರು. ಗಾಂಧೀಜಿಯವರು ಅದನ್ನು ಮೊದಲ ಸಂಚಿಕೆಯಲ್ಲಿಯೇ ಪ್ರಕಟಿಸಿ, ತಾವು ಒಪ್ಪದುದೇಕೆಂದು ಕೆಳಗೆ ಬರೆದರು. ಅಂದಿನ ವಾದದಲ್ಲಿ ಸತ್ಯ ಯಾರ ಕಡೆಗಿತ್ತೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಂಬೇಡ್ಕರರ ಮಾತೇ ಕಾಲದ ಒರೆಗಲ್ಲಿನಲ್ಲಿ ನಿಂತಿತೆಂದು ನಮಗೆ ತೋರುತ್ತದೆ. ಆದರೆ ತನ್ನ ಹೊಸ ಪತ್ರಿಕೆಯ ಮೊದಲ ದಿನವೇ ತನಗೆ ಎದುರಾದ ಮಾತಿಗೆ ಎಡೆಕೊಟ್ಟ ಸಂಪಾದಕನ ಧರ್ಮವು ಅನುಕರಣೀಯವಲ್ಲವೆ? ನಿಮ್ಮವರೇ ನಿಮ್ಮನ್ನು ಟೀಕಿಸಿದರೂ ಅಚ್ಚಿಸಿರಿ. ನೀವು ತಪ್ಪಿದಲ್ಲಿ ತಪ್ಪಿದೆವೆಂದು ಅದೇ ಪುಟದಲ್ಲಿ ಬರೆಯಿರಿ.

ನಾಲ್ಕನೆಯದು ಹಣ. ಇದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ‘ಮೂಕನಾಯಕ’ಕ್ಕೆ ಮಹಾರಾಜರ ಆಶ್ರಯವಿತ್ತು, ಆದರೂ ಅದು ಮೂರು ವರ್ಷಗಳ ಆಚೆಗೆ ಬಾಳಲಿಲ್ಲ. ಒಬ್ಬ ದಾತನ ಸಾವಿರ ರೂಪಾಯಿಗಿಂತ ಸಾವಿರ ಜನರ ಒಂದೊಂದು ರೂಪಾಯಿ ಗಟ್ಟಿ. ದಾತನು ಮುನಿದರೆ ಪತ್ರಿಕೆ ನಿಲ್ಲುವುದು. ಮುನಿಯದಂತೆ ನೋಡಿಕೊಂಡರೆ ಪತ್ರಿಕೆಯ ಮಾತು ನಿಲ್ಲುವುದು. ಆದುದರಿಂದ ಚಂದಾದಾರರೇ ನಿಮ್ಮ ಒಡೆಯರಾಗಲಿ. ಜಮಾಖರ್ಚನ್ನು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿಯೇ ಪ್ರಕಟಿಸಿರಿ. ಇನ್ನೊಬ್ಬರಿಂದ ಲೆಕ್ಕ ಕೇಳುವವರು ಮೊದಲು ತಮ್ಮ ಲೆಕ್ಕ ಒಪ್ಪಿಸತಕ್ಕದ್ದು.

ಇದೆಲ್ಲ ಅಷ್ಟು ಅವಶ್ಯವೇ ಎಂದು ಇನ್ನೂ ಯಾರಿಗಾದರೂ ಸಂದೇಹವಿದ್ದರೆ, ಅವರು ಸವಣೂರನ್ನು ನೆನೆಯಲಿ. 2010ನೆಯ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಆ ಊರಿನ ಭಂಗಿ ಕುಟುಂಬಗಳವರು, ಇರುವ ಮನೆಗಳನ್ನು ತೆರವು ಮಾಡಿರೆಂಬ ಒತ್ತಾಯಕ್ಕೆ ಎದುರಾಗಿ, ತಾವು ತಲೆತಲಾಂತರದಿಂದ ಹೊತ್ತ ಮಲವನ್ನೇ ಪುರಸಭೆಯ ಎದುರಿಗೆ ಮೈಮೇಲೆ ಸುರಿದುಕೊಂಡರು. ಅಂದು ನಾಡಿನ ವೃತ್ತಪತ್ರಗಳೆಲ್ಲ ಅವರ ಕಡೆಗೆ ತಿರುಗಿದವು. ಅದಕ್ಕೆ ಮುಂಚೆ ಅವರು ಮಾತಿನಿಂದ ಹೇಳಿರಲಿಲ್ಲವೆ? ಅರ್ಜಿಗಳಿಂದ ಹೇಳಿರಲಿಲ್ಲವೆ? ಹೇಳಿದುದು ಯಾರಿಗೂ ಕೇಳಿಸಿರಲಿಲ್ಲ. ನಡು ಕರ್ನಾಟಕದಲ್ಲಿ, ಏಕೀಕರಣವಾಗಿ ಸುಮಾರು 54 ವರ್ಷಗಳಾದ ಮೇಲೆ, ಕನ್ನಡಿಗನೊಬ್ಬನು ತನ್ನ ಮಾತನ್ನು ಕನ್ನಡಿಗರಿಗೆ ಕೇಳಿಸುವುದಕ್ಕೆ ಮಲವನ್ನು ಮೈಮೇಲೆ ಸುರಿದುಕೊಳ್ಳಬೇಕಾಯಿತು. ಅವರಿಗೆ ಅಂದು ಇದ್ದ ಪತ್ರಿಕೆಯೆಂದರೆ ಅವರ ಮೈಯೊಂದೇ. ಇದಕ್ಕಿಂತ ಹೆಚ್ಚಿನ ನಾಚಿಕೆ ನಮ್ಮ ಭಾಷೆಗೆ ಇನ್ನೇನು ಬೇಕು? ಇನ್ನು ಮೇಲೆ ಯಾವ ಕೇರಿಯವರಿಗೂ ಅಂಥ ದುರ್ದಿನ ಬಾರದಂತೆ, ಅವರ ಮೊದಲನೆಯ ಮಾತನ್ನೇ ಕೇಳಿ ಅಚ್ಚಿಸುವುದು ಈ ಪತ್ರಿಕೆಯ ಹೊಣೆ. ಓದಿ ಮೈಕೊಡವಿ ಏಳುವುದು ನಮ್ಮ ಹೊಣೆ.

ಸಭಿಕರೇ, ಹರಕೆಯ ಮಾತನ್ನು ಕಡೆಗಿಟ್ಟುಕೊಂಡಿದ್ದೆವು. ಹರಕೆಯು ಬರಿಯ ಬಾಯಿಂದ ಸಲ್ಲುವುದಲ್ಲ. ಚಪ್ಪಾಳೆ ತಟ್ಟಿ ಮನೆಗೆ ಹೋದ ಸಭೆಗಳಿಂದ ನಮ್ಮ ನಾಡಿನಲ್ಲಿ ಎಷ್ಟೋ ಪತ್ರಿಕೆಗಳು ಎರಡನೆಯ ಸಂಚಿಕೆಯನ್ನು ಕಾಣದೆ ಹೋಗಿವೆ. ಆದುದರಿಂದ ಮೂರು ವರ್ಷಗಳ ನಮ್ಮ ವರ್ಗಣಿಯನ್ನು ಈಗಲೇ ಈ ಮೇಜಿನ ಮೇಲೆ ಇಡುತ್ತೇವೆ. ‘ಮೂಕನಾಯಕ’ವು ದಾಟಲಾರದ ಮೂರು ವರ್ಷಗಳನ್ನು ಇದು ದಾಟಲಿ. ನಿಮ್ಮಲ್ಲಿ ಊರಿನಿಂದ ಬಂದವರೂ ಇದ್ದೀರಿ, ಕೇರಿಯಿಂದ ಬಂದವರೂ ಇದ್ದೀರಿ. ಹೊರಗೆ ಹೋಗುವ ಬಾಗಿಲು ಒಂದೇ ಇದೆ. ಚಂದಾದಾರರ ಪಟ್ಟಿಯೂ ಆ ಬಾಗಿಲಲ್ಲಿಯೇ ಇದೆ. ಅದರಲ್ಲಿ ನಿಮ್ಮೆಲ್ಲರ ಹೆಸರುಗಳೂ ಒಂದರ ಕೆಳಗೊಂದು ಬೀಳಲಿ.